ಟೈರಿಗೆ ಚೈನ್ ಸ್ಪ್ರೇ ಬಿದ್ದಿದೆಯಾ? ಮೊದಲು ಪೆಟ್ರೋಲ್ ಬಾಟಲಿ ಪಕ್ಕಕ್ಕಿಡಿ

ಪ್ರಶ್ನೆ: ನಾನು ಧಾರವಾಡದವನು, ಕೆಲಸದ ಮೇಲೆ ಪುಣೆಯ ವಾಕಡ್‌ನಲ್ಲಿದ್ದೇನೆ. ಕಳೆದ ಭಾನುವಾರ ಸೊಸೈಟಿ ಪಾರ್ಕಿಂಗ್‌ನಲ್ಲಿ ಮೊದಲ ಸಲ ನಾನೇ ಬೈಕಿನ ಚೈನ್ ಕ್ಲೀನ್ ಮಾಡಿ ಸ್ಪ್ರೇ ಹೊಡೆದೆ. ಡಬ್ಬಿಯ ನಳಿಕೆ ಜಾರಿ ಹಿಂದಿನ ಟೈರಿನ ಎಡಭಾಗಕ್ಕೆಲ್ಲ ಲ್ಯೂಬ್ (ಚೈನಿಗೆ ಹೊಡೆಯುವ ಎಣ್ಣೆ) ಬಿತ್ತು. ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಅಂಟು ಅಂಟಾಗಿದೆ. ವಾಚ್‌ಮನ್ ಕಾಕಾ ಪೆಟ್ರೋಲ್ ಹಾಕಿ ಒರೆಸಿ ಅಂದರು. ಗೆಳೆಯ ಡಬ್ಲ್ಯುಡಿ-40 ಹೊಡಿ ಅನ್ನುತ್ತಾನೆ. ಪಕ್ಕದ ಮನೆಯವರು ಏನೂ ಬೇಡ, ಓಡಿಸಿದರೆ ತಾನೇ ಹೋಗುತ್ತೆ ಅಂದರು. ಟೈರ್ ಅಂಗಡಿಯವರು ಬದಲಾಯಿಸಿಬಿಡಿ ಅನ್ನುತ್ತಾರೆ. ಶನಿವಾರ ಊರಿಗೆ ಹೊರಟಿದ್ದೇನೆ, ಖಂಬಾಟ್ಕಿ ಘಾಟ್ ದಾಟಬೇಕು. ಯಾರ ಮಾತು ಕೇಳಲಿ? ಬೈಕು 150 ಸಿಸಿ, ಹಿಂದೆಯೂ ಡಿಸ್ಕ್ ಬ್ರೇಕ್ ಇದೆ.

ಉತ್ತರ:

ಈ ನಾಲ್ಕರಲ್ಲಿ ಒಂದೂ ಬೇಡ. ನಿಮಗೆ ಬೇಕಾಗಿರುವುದು ಪಾತ್ರೆ ತೊಳೆಯುವ ಲಿಕ್ವಿಡ್, ಒಂದೆರಡು ಬಕೆಟ್ ಬಿಸಿನೀರು, ಬಟ್ಟೆ ಉಜ್ಜುವ ನೈಲಾನ್ ಬ್ರಷ್, ಮತ್ತೆ ಅವಸರವಿಲ್ಲದ ಒಂದು ಗಂಟೆ. ಟೈರ್ ಹಾಳಾಗಿಲ್ಲ, ಬದಲಾಯಿಸುವ ಖರ್ಚು ಬೇಡ. ಆದರೆ ತೊಳೆಯುವವರೆಗೆ ಬೈಕ್ ತೆಗೆಯಬೇಡಿ. ಹಿಂಜವಡಿ ಇಲ್ಲೇ ಪಕ್ಕದಲ್ಲಿದೆ, ನಿಧಾನಕ್ಕೆ ಹೋಗಿ ಬರ್ತೀನಿ ಅಂತ ಕೂಡ ಬೇಡ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಲ್ಯೂಬ್ ಬಿದ್ದಿರುವ ಜಾಗ ಅಂಥದ್ದು. ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಬೈಕುಗಳಲ್ಲಿ ಚೈನ್ ಎಡಗಡೆ ಇರುತ್ತದೆ. ಹಾಗಾಗಿ ಸ್ಪ್ರೇ ಜಾರಿದರೆ ಟೈರಿನ ಎಡ ಮಗ್ಗುಲಿಗೆ, ಎಡ ಅಂಚಿಗೆ ಬೀಳುತ್ತದೆ. ನೇರ ಹೋಗುವಾಗ ಬೈಕು ನಿಂತಿರುವುದು ಟೈರಿನ ನಡುಪಟ್ಟಿಯ ಮೇಲೆ. ನೆಲಕ್ಕೆ ತಾಗಿರುವುದು ಒಂದು ಅಂಗೈಯಷ್ಟು ಜಾಗ ಮಾತ್ರ. ಎಡಕ್ಕೆ ವಾಲಿದ ಕೂಡಲೇ ಆ ಅಂಗೈಯಷ್ಟು ಜಾಗ ಎಡ ಅಂಚಿಗೆ ಸರಿಯುತ್ತದೆ. ನಮ್ಮಲ್ಲಿ ವಾಹನ ಎಡಬದಿಯಲ್ಲಿ ಓಡಿಸುತ್ತೇವೆ, ಅಲ್ವಾ? ಹಾಗಾಗಿ ಸಿಗ್ನಲ್‌ನಲ್ಲಿ, ಗಲ್ಲಿಯಲ್ಲಿ, ಸೊಸೈಟಿ ಗೇಟಿನಲ್ಲಿ ಎಡ ತಿರುವೇ ಬಿಗಿಯಾಗಿರುತ್ತದೆ. ಬಲಕ್ಕೆ ತಿರುಗುವಾಗ ಅಗಲವಾಗಿ ಸುತ್ತಿಕೊಂಡು ಹೋಗುತ್ತೇವೆ. ಅಂದರೆ ಬೈಕನ್ನು ಜಾಸ್ತಿ ವಾಲಿಸುವ ಕಡೆಗೇ ಎಣ್ಣೆ ಬಿದ್ದಿದೆ. ಐದು ಕಿಲೋಮೀಟರ್ ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲ ಎಡ ತಿರುವಿನಲ್ಲಿ ಹಿಂದಿನ ಚಕ್ರ ಹೊರಗೆ ಜಾರುತ್ತದೆ, ಸರಿಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ.

"ಮಗ್ಗುಲಿಗೆ ತಾನೇ ಬಿದ್ದಿದ್ದು, ನೆಲಕ್ಕೆ ತಾಗುವ ಕಡೆ ಇಲ್ಲವಲ್ಲ" ಅಂತ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಬೈಕಿನ 17 ಇಂಚಿನ ಹಿಂದಿನ ಚಕ್ರದ ಸುತ್ತಳತೆ ಟೈರ್ ಸೇರಿ 2 ಮೀಟರ್‌ಗೆ ಸ್ವಲ್ಪ ಕಡಿಮೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 500ಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಆಗ ಟೈರಿನ ಹೊರಮೈಯಲ್ಲಿರುವ ಒಂದು ಹನಿಯನ್ನು ಹೊರಕ್ಕೆ ಎಸೆಯುವ ಬಲ ಆ ಹನಿಯ ತೂಕದ ಸುಮಾರು 90 ಪಟ್ಟು. ಮಗ್ಗುಲಲ್ಲಿ ಕೂತ ಎಣ್ಣೆ ಅಲ್ಲೇ ಇರುತ್ತದೆಯೇ? ಅಂಚಿನ ಕಡೆಗೇ ತೆವಳುತ್ತದೆ. ಬಿಸಿಲಿಗೆ, ಓಟದ ಬಿಸಿಗೆ ಟೈರ್ ಕಾದರೆ ಲ್ಯೂಬ್ ತೆಳ್ಳಗಾಗಿ ಇನ್ನೂ ಬೇಗ ತೆವಳುತ್ತದೆ. ಚಿಂಚವಡದ ನನ್ನ ಗ್ಯಾರೇಜಿಗೆ ಇಂಥ ಟೈರುಗಳು ಬಂದಾಗ ಮೊದಲು ನೋಡುವುದೇ ಇದನ್ನು. ರಿಮ್ಮಿನ ಅಂಚಿನಿಂದ ಹೊರಟು ಟೈರಿನ ಅಂಚಿನವರೆಗೆ ಸಣ್ಣ ಸಣ್ಣ ಕಪ್ಪು ಗೆರೆಗಳು ಸೂರ್ಯನ ಕಿರಣ ಬಿಡಿಸಿದ ಹಾಗೆ ಹರಡಿರುತ್ತವೆ, ಅವುಗಳ ಮೇಲೆ ರಸ್ತೆಯ ಧೂಳು ಹತ್ತಿರುತ್ತದೆ. ಆ ಗೆರೆ ಕಂಡರೆ ಎಣ್ಣೆ ಹೊರಟು ಬಂದಿದೆ ಅಂತಲೇ ಅರ್ಥ.

"ಓಡಿಸಿದರೆ ತಾನೇ ಹೋಗುತ್ತೆ" ಅನ್ನುವ ಮಾತಿಗೂ ಇದೇ ಉತ್ತರ. ನಡುಪಟ್ಟಿಗೆ ಬಿದ್ದದ್ದು ರಸ್ತೆಗೆ ಉಜ್ಜಿ ಹೋದೀತು. ಅಂಚಿಗೆ ಬಿದ್ದದ್ದು ಉಜ್ಜಿ ಹೋಗಬೇಕಾದರೆ ನೀವು ಎಡಕ್ಕೆ ವಾಲಲೇಬೇಕು. ಬೀಳಬಾರದು ಅಂತ ಯಾವ ಕೆಲಸ ಮಾಡಬಾರದೋ ಅದನ್ನೇ ಮಾಡಿ ಎಣ್ಣೆ ತೆಗೆಯಿರಿ ಅಂದ ಹಾಗಾಯಿತು.

ಈಗ ಪೆಟ್ರೋಲ್ ವಿಷಯ. ಕಾಕಾ ಸುಮ್ನೆ ಹೇಳಿದ್ದಲ್ಲ. ಪೆಟ್ರೋಲ್ ಹಚ್ಚಿದರೆ ಅಂಟು ಕಣ್ಣೆದುರೇ ಕರಗುತ್ತದೆ, ಅದು ನಿಜ. ಹಲಸಿನ ಮೇಣ ಕೈಗೆ ಹತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತೇವಲ್ಲ, ಅದೇ ಲೆಕ್ಕ. ತನ್ನ ಜಾತಿಯದನ್ನು ತಾನು ಕರಗಿಸುತ್ತದೆ. ಆದರೆ ಟೈರಿನ ರಬ್ಬರೂ ಅದೇ ಜಾತಿ. ಟೈರಿನಲ್ಲಿರುವ ನೈಸರ್ಗಿಕ ರಬ್ಬರ್, ಕೃತಕ ರಬ್ಬರ್ ಎರಡೂ ಪೆಟ್ರೋಲನ್ನು ಕುಡಿದು ಊದಿಕೊಳ್ಳುತ್ತವೆ. ಊದಿದ ರಬ್ಬರ್ ಮೆತ್ತಗಾಗುತ್ತದೆ, ಅದರ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಡುತ್ತವೆ. ಅಷ್ಟರಲ್ಲಿ ಪೆಟ್ರೋಲಿಗೆ ಕರಗಿ ನೀರಿನಂತೆ ತೆಳ್ಳಗಾದ ಲ್ಯೂಬ್ ಆ ಬಿರುಕುಗಳೊಳಗೆ ಇಳಿಯುತ್ತದೆ. ಪೆಟ್ರೋಲ್ ಆರಿ ಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಒಂದು ಕಡೆ ದಪ್ಪಗೆ ಕೂತಿದ್ದದ್ದು ಈಗ ಇಡೀ ಎಡಭಾಗಕ್ಕೆ ತೆಳುವಾಗಿ ಹರಡಿರುತ್ತದೆ. ನೋಡಿದರೆ ಹೊಳಪಿಲ್ಲ, ಮುಟ್ಟಿದರೆ ಅಂಟಿಲ್ಲ, ಹೋಯಿತು ಅಂದುಕೊಳ್ಳುತ್ತೀರಿ. ಕಣ್ಣಿಗೆ ಕಾಣುವ ಎಣ್ಣೆಗಿಂತ ಕಾಣದ ಎಣ್ಣೆಯೇ ಅಪಾಯ.

ಇನ್ನೊಂದು ನಷ್ಟವೂ ಇದೆ. ಬಿಸಿಲಿಗೆ, ಗಾಳಿಯ ಓಜೋನ್‌ಗೆ ರಬ್ಬರ್ ಬಿರುಕು ಬಿಡದಿರಲಿ ಅಂತ ಟೈರ್ ಮಾಡುವಾಗ ಕೆಲವು ರಾಸಾಯನಿಕ, ಮೇಣ ಬೆರೆಸಿರುತ್ತಾರೆ. ಅವು ನಿಧಾನಕ್ಕೆ ಹೊರಮೈಗೆ ಬಂದು ರಬ್ಬರನ್ನು ಕಾಯುತ್ತವೆ. ಪೆಟ್ರೋಲ್, ಥಿನ್ನರ್ ಹಾಕಿ ತಿಕ್ಕಿದರೆ ಈ ರಕ್ಷಣೆಯೂ ತೊಳೆದು ಹೋಗುತ್ತದೆ. ಇನ್ನು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ತೆರೆದ ಪೆಟ್ರೋಲ್ ಇಟ್ಟುಕೊಂಡು ಕೂರುವುದು. ಅದರ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ, ಒಂದು ಕಿಡಿ ಸಾಕು. ನೀವು ಒಬ್ಬರೇ ಇರುವ ಕಟ್ಟಡವಲ್ಲ ಅದು.

ಸೀಮೆಎಣ್ಣೆ, ಡೀಸೆಲ್ ಚೈನಿನ ಕೊಳೆ ತೆಗೆಯಲು ಗ್ಯಾರೇಜುಗಳಲ್ಲಿ ದಿನಾ ಬಳಸುತ್ತೇವೆ. ಟೈರಿಗೆ ಮಾತ್ರ ಬೇಡ. ಅವು ಪೆಟ್ರೋಲಿನಷ್ಟೂ ಬೇಗ ಆರುವುದಿಲ್ಲ, ಜಿಡ್ಡು ಬಿಟ್ಟೇ ಹೋಗುತ್ತವೆ. ಡಬ್ಲ್ಯುಡಿ-40 ಒಳ್ಳೆಯ ವಸ್ತು, ತುಕ್ಕು ಹಿಡಿದ ನಟ್ಟು ಬಿಡಿಸಲು ನಾನೂ ಇಟ್ಟುಕೊಂಡಿದ್ದೇನೆ. ಆದರೆ ತೆಳುವಾದ ಎಣ್ಣೆಯ ಪದರ ಬಿಟ್ಟು ಹೋಗುವುದೇ ಅದರ ಕೆಲಸ. ಎಣ್ಣೆ ತೆಗೆಯಲು ಎಣ್ಣೆ ಹಾಕಿದಂತಾಗುತ್ತದೆ. ಕೊರೊನಾ ಕಾಲದ ಸ್ಯಾನಿಟೈಸರ್ ಜೆಲ್ ಮನೆಯಲ್ಲಿ ಉಳಿದಿದ್ದರೆ ಅದೂ ಬೇಡ, ಅದರಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ. ಟೈರ್ ಪಾಲಿಷ್ ಬಗ್ಗೆ ಹೇಳಲೇಬೇಕಿಲ್ಲ, ಬೈಕಿನ ಟೈರಿಗೆ ಅದನ್ನು ಯಾವತ್ತೂ ಹಚ್ಚಬೇಡಿ.

ಸೋಪು ಯಾಕೆ ಸರಿ? ಅದು ಎಣ್ಣೆಯನ್ನು ಕರಗಿಸಿ ಹರಡುವುದಿಲ್ಲ. ಸಣ್ಣ ಸಣ್ಣ ಹನಿಗಳಾಗಿ ಒಡೆದು, ಸುತ್ತ ಹಿಡಿದು, ನೀರಿನ ಜೊತೆ ಎತ್ತಿಕೊಂಡು ಹೋಗುತ್ತದೆ. ರಬ್ಬರಿಗೆ ನೀರೂ ಸೋಪೂ ಏನೂ ಮಾಡುವುದಿಲ್ಲ. ಆದರೆ ಚೈನ್ ಲ್ಯೂಬ್ ಅಡುಗೆ ಎಣ್ಣೆಯಷ್ಟು ಸಲೀಸಲ್ಲ. ಡಬ್ಬಿಯೊಳಗೆ ಎಣ್ಣೆಯ ಜೊತೆ ಅಂಟು ಕೊಡುವ ಪಾಲಿಮರ್ ಇರುತ್ತದೆ, ಅದನ್ನು ತೆಳ್ಳಗಿಡಲು ಬೇಗ ಆರುವ ದ್ರಾವಕ ಇರುತ್ತದೆ, ಹೊರಗೆ ಚಿಮ್ಮಿಸಲು ಗ್ಯಾಸ್ ಇರುತ್ತದೆ. ಹೊಡೆದ ಕ್ಷಣ ನೀರಿನಂತೆ ಚೈನಿನ ರೋಲರ್ ಒಳಗೆ ನುಗ್ಗಬೇಕು, ಆಮೇಲೆ ದ್ರಾವಕ ಆರಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಾಗೆ ಮಾಡಿದ ವಸ್ತು ಅದು. ಬಿದ್ದ ಐದು ನಿಮಿಷದೊಳಗೆ ಒಣ ಬಟ್ಟೆ ಒತ್ತಿದ್ದರೆ ಅರ್ಧಕ್ಕರ್ಧ ಬಟ್ಟೆಗೇ ಬರುತ್ತಿತ್ತು. ನಿಮ್ಮದು ಭಾನುವಾರದ್ದು, ದ್ರಾವಕ ಆರಿ ಅಂಟಾಗಿದೆ. ಹಾಗಾಗಿ ಒಂದೇ ತೊಳೆತಕ್ಕೆ ಬಿಡುವುದಿಲ್ಲ. ಮೂರು ಸಲ ತೊಳೆಯುವ ಮನಸ್ಸು ಮಾಡಿಕೊಂಡೇ ಕೂರಿ.

ಬೈಕನ್ನು ನೀರು ಹರಿದು ಹೋಗುವ ಜಾಗಕ್ಕೆ ತಳ್ಳಿಕೊಂಡು ಹೋಗಿ, ಸ್ಟಾರ್ಟ್ ಮಾಡಬೇಡಿ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಬೇಕು. ಅದೂ ಇಲ್ಲದಿದ್ದರೆ ಸೈಡ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಕೈಗೆ ಸಿಕ್ಕಷ್ಟು ಭಾಗ ತೊಳೆದು, ಅರ್ಧ ಸುತ್ತು ಮುಂದೆ ತಳ್ಳಿ ಉಳಿದದ್ದು ತೊಳೆಯಿರಿ. ಬಲಗಡೆಯ ಬ್ರೇಕ್ ಡಿಸ್ಕ್ ಮತ್ತು ಅದನ್ನು ಹಿಡಿಯುವ ಕ್ಯಾಲಿಪರ್‌ಗೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟಿ. ಜಿಡ್ಡಿನ ನೊರೆ ಅಲ್ಲಿಗೆ ಹಾರಬಾರದು.

ಟೈರಿಗೆ ಕೈ ಹಚ್ಚುವ ಮೊದಲು ಚೈನ್ ನೋಡಿ. ಸ್ಪ್ರೇ ಜಾರಿದೆ ಅಂದರೆ ಚೈನಿಗೂ ಜಾಸ್ತಿ ಬಿದ್ದಿರುತ್ತದೆ. ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ಬೆರಳು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹತ್ತಿರ ಹೋಗಬಾರದು. ರಿಮ್, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಚೈನ್ ಕವರಿನ ಒಳಮೈ, ಸ್ಪ್ರಾಕೆಟ್ಟಿನ ಹಲ್ಲಿನ ಬದಿ, ಎಲ್ಲಾ ಕಡೆ ಕೂತ ಲ್ಯೂಬ್ ಒರೆಸಿ ತೆಗೆಯಿರಿ. ಇದನ್ನು ಬಿಟ್ಟು ಟೈರ್ ಮಾತ್ರ ಫಳಫಳ ತೊಳೆದರೆ, ಹೊರಟ ಕೆಲವೇ ಕಿಲೋಮೀಟರ್‌ನಲ್ಲಿ ಅಲ್ಲಿಂದ ಹಾರಿ ಮತ್ತೆ ಟೈರಿಗೇ ಬರುತ್ತದೆ. "ತೊಳೆದೆ ಸಾರ್, ಮತ್ತೆ ಬಂತು" ಅಂತ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ.

ಈಗ ಟೈರ್. ಒಣ ಹಳೇ ಬನಿಯನ್ ಬಟ್ಟೆ ತಗೊಂಡು ಒರೆಸಿ. ನಡುಪಟ್ಟಿಯ ಕಡೆಯಿಂದ ರಿಮ್ಮಿನ ಕಡೆಗೆ ಒರೆಸಬೇಕು, ಉಲ್ಟಾ ಅಲ್ಲ. ಎಣ್ಣೆಯನ್ನು ನೆಲಕ್ಕೆ ತಾಗುವ ಭಾಗಕ್ಕೆ ನಾವೇ ಎಳೆದು ತರಬಾರದು. ಒಮ್ಮೆ ಒರೆಸಿದ ಬಟ್ಟೆಯ ಭಾಗ ಮಡಚಿ, ಹೊಸ ಭಾಗ ತಿರುಗಿಸಿಕೊಳ್ಳಿ. ಆಮೇಲೆ ಲಿಕ್ವಿಡ್. ವಿಮ್, ಪ್ರಿಲ್, ಯಾವುದಾದರೂ ಸರಿ. ಮೊದಲೇ ನೀರು ಸುರಿಯಬೇಡಿ. ಒಣ ಟೈರಿನ ಮೇಲೆ ಲಿಕ್ವಿಡ್ಡನ್ನೇ ನೇರ ಹಾಕಿ, ಬ್ರಷ್ಷಿನಿಂದ ಹರಡಿ, ಹತ್ತು ನಿಮಿಷ ಬಿಡಿ. ನೀರು ಬೆರೆಸಿದ ಸೋಪಿಗೆ ಈ ಅಂಟನ್ನು ಬಿಡಿಸುವ ಶಕ್ತಿ ಸಾಲುವುದಿಲ್ಲ. ಹತ್ತು ನಿಮಿಷದ ಮೇಲೆ ಕೈ ತಡೆಯುವಷ್ಟು ಬಿಸಿಯ ನೀರಲ್ಲಿ ಬ್ರಷ್ ಅದ್ದಿ ತಿಕ್ಕಿ. ಕುದಿಯುವ ನೀರು ಬೇಡ, ಗೀಸರ್ ನೀರು ಸಾಕು. ಟೈರಿನ ಅಚ್ಚಿನ ಗೀರುಗಳ ಒಳಗೆ ದೊಡ್ಡ ಬ್ರಷ್ ಹೋಗುವುದಿಲ್ಲ, ಹಳೇ ಟೂತ್‌ಬ್ರಷ್ ಹಾಕಿ. ಗೀರಿನಲ್ಲಿ ಉಳಿದ ಎಣ್ಣೆ ಮಳೆ ಬಂದ ದಿನ ಹೊರಗೆ ಬರುತ್ತದೆ.

ನೊರೆ ನೋಡುತ್ತಾ ಇರಿ. ಮೊದಲ ಸಲ ಅದು ಬೂದು-ಕಂದು ಬಣ್ಣಕ್ಕೆ ತಿರುಗುತ್ತದೆ, ಬೇಗ ಕೂತು ಹೋಗುತ್ತದೆ, ಬೆರಳಿಗೆ ಜಾರುತ್ತದೆ. ಎಣ್ಣೆ ಇದ್ದರೆ ನೊರೆ ನಿಲ್ಲುವುದಿಲ್ಲ. ನೀರು ಹಾಕಿ ತೊಳೆದು ಮತ್ತೆ ಲಿಕ್ವಿಡ್ ಹಚ್ಚಿ. ಮೂರನೇ ಸಲದ ಹೊತ್ತಿಗೆ ನೊರೆ ದಪ್ಪಗೆ ನಿಂತಿರುತ್ತದೆ, ಬಣ್ಣ ಟೈರಿನ ಕಪ್ಪು ಧೂಳಿನದು ಮಾತ್ರ ಇರುತ್ತದೆ. ಆಗ ಎಣ್ಣೆ ಬಿಟ್ಟಿತು ಅಂತ ತಿಳಿಯಿರಿ. ನೀರು ಬೆರೆಸಿ ಬಳಸುವ ಬೈಕ್ ಡಿಗ್ರೀಸರ್ ಇದ್ದರೆ ಅದೂ ಆಗುತ್ತದೆ. ಮುಚ್ಚಳ ತೆಗೆದರೆ ಸೀಮೆಎಣ್ಣೆ ವಾಸನೆ ಹೊಡೆಯುವ ಡಿಗ್ರೀಸರ್ ಆದರೆ ಟೈರಿಗೆ ಬೇಡ. ವಾಟರ್ ವಾಶ್ ಅಂಗಡಿಯ ಪ್ರೆಷರ್ ಪೈಪು ಕೂಡ ಅಂಥ ಲಾಭ ಕೊಡುವುದಿಲ್ಲ. ಸೋಪು ಹಾಕಿ ತಿಕ್ಕದೆ ಬರೀ ನೀರಿನ ಹೊಡೆತಕ್ಕೆ ಲ್ಯೂಬ್ ಬಿಡುವುದಿಲ್ಲ, ಆ ಹೊಡೆತ ಚಕ್ರದ ಬೇರಿಂಗಿಗೆ, ಚೈನಿನ ಸೀಲಿಗೆ ನೀರು ನುಗ್ಗಿಸುತ್ತದೆ.

ಟೈರ್ ಪೂರ್ತಿ ಒಣಗಿದ ಮೇಲೆ ಪರೀಕ್ಷೆ ಮಾಡಿ. ಇದನ್ನು ಬಿಡಬೇಡಿ. ಹೋಲಿಸಿ ನೋಡಲು ನಿಮ್ಮ ಹತ್ತಿರವೇ ಒಂದು ಒಳ್ಳೆಯ ಟೈರ್ ಇದೆ. ಅದೇ ಟೈರಿನ ಬಲ ಅಂಚು! ಅಲ್ಲಿಗೆ ಲ್ಯೂಬ್ ತಾಗಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬಿಳಿ ಟಿಶ್ಯೂ ಕಾಗದ ಒಂದು ಬಲ ಅಂಚಿಗೆ, ಇನ್ನೊಂದು ಎಡ ಅಂಚಿಗೆ ಗಟ್ಟಿಯಾಗಿ ಒತ್ತಿ ಉಜ್ಜಿ. ಎರಡಕ್ಕೂ ಒಣ ಕಪ್ಪು ಪುಡಿ ಹತ್ತಿದರೆ ಸರಿ. ಎಡದ ಕಾಗದವನ್ನು ಬೆಳಕಿಗೆ ಹಿಡಿದಾಗ ಭಜಿ ಕಟ್ಟಿದ ಕಾಗದದಂತೆ ಪಾರದರ್ಶಕ ಕಲೆ ಕಂಡರೆ ಇನ್ನೂ ಎಣ್ಣೆ ಇದೆ. ಎರಡೂ ಕಡೆ ನಾಲ್ಕು ಹನಿ ನೀರು ಹಾಕಿಯೂ ನೋಡಬಹುದು. ನೀರು ಎರಡೂ ಕಡೆ ಒಂದೇ ತರ ವರ್ತಿಸಬೇಕು. ಒಂದು ಕಡೆ ಹರಡಿ ಇನ್ನೊಂದು ಕಡೆ ಮಣಿ ಮಣಿಯಾಗಿ ಉರುಳಿದರೆ ಇನ್ನೊಂದು ಸಲ ತೊಳೆಯಿರಿ.

ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಮ್ಮೆ ಒರೆಸಿದರೆ ಒಳ್ಳೆಯದು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಅದು ರಬ್ಬರನ್ನು ಊದಿಸುವುದಿಲ್ಲ, ಹಿಂದೆ ಏನೂ ಬಿಡದೆ ಆರುತ್ತದೆ. ಟೈರಿನ ಮೇಲೆ ಸುರಿಯಬೇಡಿ, ಬಟ್ಟೆಗೆ ಹಾಕಿ ಒರೆಸಿ, ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ. ಆದರೆ ಸೋಪಿನ ಬದಲು ಇದೊಂದೇ ಸಾಕು ಅಂದುಕೊಳ್ಳಬೇಡಿ. ಚೈನ್ ಲ್ಯೂಬಿನ ಅಂಟು ಪಾಲಿಮರ್ ಇದಕ್ಕೆ ಸರಿಯಾಗಿ ಕರಗುವುದಿಲ್ಲ. ಸೋಪು ಬಿಟ್ಟುಹೋದ ತೆಳು ಜಿಡ್ಡಿಗೆ ಮಾತ್ರ ಇದು.

ಕೆಲವರು ಉಪ್ಪುಕಾಗದ ಹಾಕಿ ಉಜ್ಜಿ ಅನ್ನುತ್ತಾರೆ. ತೊಳೆದು, ಪರೀಕ್ಷೆ ಮಾಡಿ, ಆಮೇಲೂ ಅಂಚಿನಲ್ಲಿ ಹೊಳಪು ಉಳಿದಿದ್ದರೆ 80 ಅಥವಾ 100 ನಂಬರಿನ ಕಾಗದದಲ್ಲಿ ಹಗುರವಾಗಿ, ಹೊಳಪು ಹೋಗುವಷ್ಟು ಉಜ್ಜಬಹುದು. ಅದೂ ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ. ಮಗ್ಗುಲಿಗೆ ಉಪ್ಪುಕಾಗದ ಮುಟ್ಟಿಸಲೇಬಾರದು. ಅಲ್ಲಿ ರಬ್ಬರ್ ತೆಳು, ಅದರ ಹಿಂದೆಯೇ ಟೈರಿನ ನೂಲಿನ ಪದರ ಇರುತ್ತದೆ. ನನ್ನ ಕೇಳಿದರೆ ಹತ್ತರಲ್ಲಿ ಒಂಬತ್ತು ಟೈರಿಗೆ ಇದರ ಅಗತ್ಯ ಬೀಳುವುದಿಲ್ಲ.

ಟೈರಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಡಿಸ್ಕ್ ಬಗ್ಗೆ. ನೀವು ಅದರ ಬಗ್ಗೆ ಕೇಳಿಲ್ಲ, ಆದರೆ ಹಿಂದೆ ಡಿಸ್ಕ್ ಇದೆ ಅಂತ ಬರೆದಿದ್ದೀರಿ. ಡಿಸ್ಕ್ ಇರುವುದು ಬಲಗಡೆ, ಸ್ಪ್ರೇ ಬಿದ್ದದ್ದು ಎಡಗಡೆ. ಹಾಗಂತ ಬಿಡುವಂತಿಲ್ಲ. ಡಬ್ಬಿಯಿಂದ ಬರುವುದು ಧಾರೆ ಮಾತ್ರ ಅಲ್ಲ, ಅದರ ಸುತ್ತ ಮಂಜಿನಂಥ ತುಂತುರು ಇರುತ್ತದೆ. ಅಲಾಯ್ ಚಕ್ರದ ಕಡ್ಡಿಗಳ ನಡುವಿನ ಜಾಗದಿಂದ ಅದು ಆರಾಮಾಗಿ ಆಚೆ ಕಡೆ ಹೋಗುತ್ತದೆ. ಇನ್ನೊಂದು ದಾರಿ ನಿಮ್ಮ ಕೈ. ಜಿಡ್ಡಿನ ಬೆರಳಲ್ಲಿ ಚಕ್ರ ತಿರುಗಿಸುವಾಗ ಡಿಸ್ಕ್ ಮುಟ್ಟಿರುತ್ತೀರಿ, ಗೊತ್ತೂ ಆಗಿರುವುದಿಲ್ಲ. ಸ್ವಚ್ಛ ಟಿಶ್ಯೂವಿಗೆ ಐಪಿಎ ಹಾಕಿ ಡಿಸ್ಕಿನ ಎರಡೂ ಮುಖ ಒರೆಸಿ. ಬೂದು ಧೂಳು ಬಂದರೆ ಸಹಜ. ಕಂದು ಜಿಡ್ಡು ಬಂದರೆ ಹೊಸ ಹೊಸ ಟಿಶ್ಯೂ ತಗೊಂಡು, ಜಿಡ್ಡು ಬರುವುದು ನಿಲ್ಲುವವರೆಗೆ ಒರೆಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಇದ್ದರೆ ಇನ್ನೂ ಒಳ್ಳೆಯದು. ಅದು ಡಿಸ್ಕಿಗೆ ಮಾಡಿದ್ದು, ಟೈರಿಗೆ, ಪೇಂಟಿಗೆ ಹಾರದಂತೆ ಬಟ್ಟೆಗೆ ಹೊಡೆದು ಒರೆಸಿ.

ಡಿಸ್ಕ್ ಲೋಹ, ಒರೆಸಿದರೆ ಹೋಯಿತು. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಹಾಗಲ್ಲ. ಅದು ಎಣ್ಣೆ ಕುಡಿಯುತ್ತದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಕುಡಿದ ಎಣ್ಣೆಯನ್ನು ಮತ್ತೆ ಡಿಸ್ಕಿಗೆ ಹಚ್ಚುತ್ತದೆ. ಡಿಸ್ಕ್ ಒರೆಸಿದ ಮೇಲೂ ಹಿಂದಿನ ಬ್ರೇಕ್ ಮೆತ್ತಗೆ ಹಿಡಿದರೆ, ಅಥವಾ ಇಷ್ಟು ದಿನ ಇಲ್ಲದ ಕೀರಲು ಶಬ್ದ ಬಂದರೆ ಪ್ಯಾಡ್ ಬದಲಾಯಿಸಿ. ಪ್ಯಾಡಿಗೆ ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿ ಸುಡುವ ಪದ್ಧತಿ ಕೆಲವು ಕಡೆ ಇದೆ, ಅದಕ್ಕೆ ಒಪ್ಪಬೇಡಿ. ಒಳಗಿನ ಅಂಟು ಸುಟ್ಟು ಪ್ಯಾಡ್ ಪುಡಿಯಾಗುತ್ತದೆ. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ನಿಮ್ಮ ಬೈಕಿನ ಪ್ಯಾಡ್ ಸಿಗದೇ ಇರುವುದಿಲ್ಲ, ಹಾಕುವುದಕ್ಕೂ ಅರ್ಧ ಗಂಟೆ ಸಾಕು. ಇದರಲ್ಲಿ ದುಡ್ಡು ಉಳಿಸಬೇಡಿ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯಲ್ಲ ಅಂತ ಧೈರ್ಯ ಮಾಡುವವರಿಗೂ ಒಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯಿತು. ಆದರೆ 150 ಸಿಸಿ ಸುತ್ತಮುತ್ತಲಿನ ಎಷ್ಟೋ ಬೈಕುಗಳಲ್ಲಿ ಇರುವುದು ಸಿಂಗಲ್ ಚಾನೆಲ್, ಅದು ಮುಂದಿನ ಚಕ್ರವನ್ನು ಮಾತ್ರ ಕಾಯುತ್ತದೆ. ಹಿಂದಿನ ಚಕ್ರ ಲಾಕ್ ಆಗಬಹುದು. ಡ್ಯುಯಲ್ ಚಾನೆಲ್ ಇದ್ದರೂ ಅದು ಬ್ರೇಕ್ ಹಾಕಿದಾಗಿನ ಲಾಕ್ ತಪ್ಪಿಸುತ್ತದೆಯೇ ಹೊರತು, ವಾಲಿದಾಗ ಎಣ್ಣೆಯ ಅಂಚು ಪಕ್ಕಕ್ಕೆ ಜಾರುವುದನ್ನು ತಡೆಯುವುದಿಲ್ಲ.

ಶನಿವಾರ ಹೋಗಬಹುದಾ? ಇವತ್ತು ಅಥವಾ ನಾಳೆಯೊಳಗೆ ತೊಳೆದರೆ ಖಂಡಿತ ಹೋಗಬಹುದು. ಶುಕ್ರವಾರ ರಾತ್ರಿ ತೊಳೆದು ಬೆಳಿಗ್ಗೆ ಐದಕ್ಕೆ ಹೊರಡುವುದು ಮಾತ್ರ ಬೇಡ. ತೊಳೆದ ಮೇಲೆ ಊರೊಳಗೆ ಒಂದೆರಡು ದಿನ ಓಡಿಸಿ ನೋಡಬೇಕು. ಮೊದಲು ಖಾಲಿ ರಸ್ತೆಯಲ್ಲಿ 20-30ರ ವೇಗದಲ್ಲಿ ನೇರ ಹೋಗಿ ಹಿಂದಿನ ಬ್ರೇಕ್ ನಾಲ್ಕಾರು ಸಲ ಹಗುರವಾಗಿ ಹಾಕಿ ನೋಡಿ. ಸರಿ ಅನ್ನಿಸಿದ ಮೇಲೆ ಅಗಲವಾದ ಎಡ ತಿರುವು, ಆಮೇಲೆ ಸ್ವಲ್ಪ ಬಿಗಿಯಾದದ್ದು. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಜಾಸ್ತಿ ವಾಲಿಸಿ. ತಿರುವಿನಲ್ಲಿ ಥ್ರಾಟಲ್ ಜೋರಾಗಿ ತಿರುಗಿಸಬೇಡಿ, ಎಳೆತ ಇರುವುದು ಹಿಂದಿನ ಚಕ್ರದ ಮೇಲೇ. ಗ್ರಿಪ್ ಜಾಸ್ತಿ ಆಗಲಿ ಅಂತ ಗಾಳಿ ಕಡಿಮೆ ಮಾಡುವುದು, ಟೈರ್ ಬಿಸಿ ಮಾಡಲು ಹಾವಿನಂತೆ ಆಚೆ ಈಚೆ ಓಡಿಸುವುದು, ಇವೆಲ್ಲ ಬೇಡ. ಈ ಓಡಾಟ ಒಣ ರಸ್ತೆಯಲ್ಲೇ ಆಗಬೇಕು. ಮಳೆ ಬಂದರೆ ಆ ದಿನ ಬಿಡಿ. ಓಡಿಸಿ ಬಂದ ಮೇಲೆ ಎಡ ಅಂಚು ಮತ್ತೊಮ್ಮೆ ನೋಡಿ. ಬಲ ಅಂಚಿನ ಹಾಗೆ ಮಾಸಲು ಕಪ್ಪಾಗಿದ್ದರೆ ಆಯಿತು. ಒದ್ದೆಯಂಥ ಹೊಳಪು, ಧೂಳು ಹತ್ತಿದ ಗೆರೆ ಮತ್ತೆ ಕಂಡರೆ ಎಲ್ಲೋ ಲ್ಯೂಬ್ ಉಳಿದಿದೆ. ರಿಮ್ಮಿನಿಂದ ಶುರುಮಾಡಿ ಮತ್ತೆ ತೊಳೆಯಿರಿ, ಆ ಶನಿವಾರ ಬಸ್ಸಿಗೆ ಹೋಗಿ. ಘಾಟಿನ ತಿರುವಿನಲ್ಲಿ ಲಾರಿಗಳ ಪಕ್ಕ ಟೈರನ್ನು ಪರೀಕ್ಷೆ ಮಾಡುವುದಲ್ಲ.

ಟೈರ್ ಬದಲಾಯಿಸುವ ಮಾತು ಯಾವಾಗ ಬರುತ್ತದೆ ಅಂದರೆ, ತಿಂಗಳುಗಟ್ಟಲೆ ಎಣ್ಣೆ, ಪೆಟ್ರೋಲ್ ಕುಡಿದು ರಬ್ಬರ್ ಊದಿದ್ದರೆ, ಉಗುರು ಒತ್ತಿದಾಗ ಬಲಗಡೆಗಿಂತ ಎಡಗಡೆ ಮೆತ್ತಗೆ ಅನ್ನಿಸಿದರೆ, ಮಗ್ಗುಲಲ್ಲಿ ಗುಳ್ಳೆ ಅಥವಾ ಬಿರುಕು ಕಂಡರೆ. ಸವೆತದ ಗುರುತಿನವರೆಗೆ ಟೈರ್ ಸವೆದಿದ್ದರೂ ಬದಲಾಯಿಸಿ, ಅದಕ್ಕೂ ಲ್ಯೂಬಿಗೂ ಸಂಬಂಧ ಇಲ್ಲ. ಒಂದು ಭಾನುವಾರದ ಸ್ಪ್ರೇಗೆ ಯಾವ ಟೈರೂ ಸಾಯುವುದಿಲ್ಲ.

ಪಾರ್ಕಿಂಗಿನ ನೆಲವನ್ನೂ ನೋಡಿ. ಅಲ್ಲಿ ಬಿದ್ದ ಲ್ಯೂಬಿನ ಮೇಲೆ ನಿಮ್ಮ ಮುಂದಿನ ಟೈರ್ ಹೋಗುತ್ತದೆ, ಬೇರೆಯವರ ಸ್ಕೂಟರ್ ಹೋಗುತ್ತದೆ, ಮಕ್ಕಳು ಸೈಕಲ್ ಓಡಿಸುತ್ತಾರೆ. ಮರದ ಪುಡಿ ಅಥವಾ ಒಣ ಮಣ್ಣು ಹಾಕಿ ಒಂದಷ್ಟು ಹೊತ್ತು ಬಿಟ್ಟು, ಗುಡಿಸಿ ತೆಗೆದು, ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯಿರಿ.

ಇನ್ನು ಮುಂದೆ ಚೈನ್ ಕೆಲಸ ಬಿಡಬೇಡಿ. ಸ್ವಂತ ಕೈಯಲ್ಲಿ ಮಾಡುವುದೇ ಒಳ್ಳೆಯದು. ವಿಧಾನ ಸ್ವಲ್ಪ ಬದಲಾಯಿಸಿಕೊಳ್ಳಿ, ಅಷ್ಟೇ. ಚೈನಿಗೂ ಟೈರಿಗೂ ನಡುವೆ ಒಂದು ರಟ್ಟು ಹಿಡಿಯಿರಿ. ಅಮೆಜಾನ್ ಡಬ್ಬದ ಒಂದು ಪಕ್ಕ ಕತ್ತರಿಸಿಕೊಂಡರೆ ಸಾಕು. ಸ್ವಲ್ಪ ದೂರ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಹೊಡೆಯಿರಿ, ಲ್ಯೂಬ್ ಒಳಗೆ ಚೆನ್ನಾಗಿ ಇಳಿಯುತ್ತದೆ. ಹೊಡೆಯಬೇಕಾದದ್ದು ಕೆಳಗಿನ ಚೈನಿನ ಒಳಮುಖಕ್ಕೆ, ಪಟ್ಟಿಗಳು ಒಂದರ ಮೇಲೊಂದು ಕೂರುವ ಎರಡೂ ಸಾಲಿಗೆ. ಓಡುವಾಗ ಅದು ತಾನೇ ಹೊರಗಿನ ಕಡೆಗೆ ಸರಿಯುತ್ತದೆ. ಹೊರಮುಖಕ್ಕೆ ಹೊಡೆದದ್ದು ಹಾರಿ ಹೋಗುವುದಕ್ಕೇ ಸರಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚೈನ್ ತಿರುಗಿಸುವ ವೀಡಿಯೊಗಳನ್ನು ನೋಡಿ ಕಲಿಯಬೇಡಿ, ಬಟ್ಟೆಯ ಜೊತೆ ಬೆರಳು ಸ್ಪ್ರಾಕೆಟ್ಟಿಗೆ ಹೋದರೆ ಉಳಿಯುವುದಿಲ್ಲ. ಹೊಡೆದು ಅರ್ಧ ಗಂಟೆ ಬಿಟ್ಟು, ಹೊರಗೆ ಕಾಣುವ ಲ್ಯೂಬ್ ಎಲ್ಲಾ ಒರೆಸಿ ತೆಗೆಯಿರಿ. ಚೈನಿಗೆ ಬೇಕಾದ ಎಣ್ಣೆ ರೋಲರ್ ಒಳಗಿರುತ್ತದೆ, ಹೊರಗಿನದು ಧೂಳು ಹಿಡಿಯುವುದಕ್ಕೆ ಮಾತ್ರ. ರಾತ್ರಿ ಹಚ್ಚಿ ಬೆಳಿಗ್ಗೆ ಓಡಿಸಿದರೆ ಇನ್ನೂ ಒಳ್ಳೆಯದು.

ಸ್ಪ್ರೇ ಕೈಗೆ ಹಿಡಿಸುತ್ತಿಲ್ಲ ಅಂದರೆ 90 ನಂಬರಿನ ಗೇರ್ ಆಯಿಲ್ ತಗೊಂಡು ಸಣ್ಣ ಪೇಂಟ್ ಬ್ರಷ್ಷಿನಲ್ಲಿ ಹಚ್ಚಿ. ತುಂತುರು ಏಳುವುದಿಲ್ಲ, ಬೇಕಾದ ಕಡೆಗೇ ಬೀಳುತ್ತದೆ. ಅದರಲ್ಲಿ ಅಂಟು ಕಡಿಮೆ ಇರುವುದರಿಂದ ಒರೆಸದೆ ಬಿಟ್ಟರೆ ಸ್ಪ್ರೇಗಿಂತ ಜಾಸ್ತಿ ಹಾರುತ್ತದೆ, ಮಳೆಗೂ ಬೇಗ ತೊಳೆದು ಹೋಗುತ್ತದೆ. ಪುಣೆಯ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸ್ಪ್ರೇ ಬಳಸಿ. ಉಳಿದ ತಿಂಗಳು ಗೇರ್ ಆಯಿಲ್ ಸಾಕು, ಹಚ್ಚಿದ ಮೇಲೆ ಚೆನ್ನಾಗಿ ಒರೆಸಿ.